ಕಿಟ್ಟೆಲ್ ಪಾದ್ರಿಗಳು ಊರಿಗೆ ಮರಳಿದ್ದು

ಕನ್ನಡ ನಿಘಂಟೆಂದರೆ ಕಿಟ್ಟೆಲ್ ಎಂದು ನಾವೆಲ್ಲರೂ ಶಾಲೆಯ ದಿನಗಳಿಂದ ಕೇಳುತ್ತ ಬಂದಿದ್ದೇವೆ. ಆ ಮಹನೀಯರು ಜರ್ಮನಿಯಿಂದ ಬಂದರು, ಕನ್ನಡ ಕಲಿತರು, ಕೋಶವನ್ನು ರಚಿಸಿದರು ಎಂಬಲ್ಲಿಗೆ ಕಥೆಯನ್ನು ಮುಗಿಸಿಬಿಡುವುದು ವಾಡಿಕೆ. ಆದರೆ ಆ ಕೋಶವು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದ 1894ರಲ್ಲಿ ಅವರು ಮಂಗಳೂರಿನಲ್ಲಿರಲಿಲ್ಲ. ಕನ್ನಡ ನಾಡಿನಲ್ಲಿಯೇ ಇರಲಿಲ್ಲ. ಅದಕ್ಕೆ ಎರಡು ವರ್ಷ ಮೊದಲೇ ಹಡಗನ್ನೇರಿ ತಮ್ಮ ದೇಶಕ್ಕೆ ಮರಳಿದ್ದರು. ಕನ್ನಡದ ಮಾತು ಕಿವಿಗೆ ಬೀಳದ ಊರಿನಲ್ಲಿ ಕುಳಿತು ಕನ್ನಡದ ಕೆಲಸವನ್ನು ಮುಂದುವರಿಸಿದ ಅವರ ಆ ಕೊನೆಯ ವರ್ಷಗಳು ಹೊರನಾಡಿನಲ್ಲಿ ನೆಲಸಿರುವ ನಮಗೆ ಹೆಚ್ಚು ಹತ್ತಿರವೆಂದು ತೋರಿದ್ದರಿಂದ ಈ ನಾಲ್ಕು ಮಾತುಗಳನ್ನು ಬರೆಯಲು ಹೊರಟಿದ್ದೇವೆ.

ಬಾಸೆಲ್ ಮಿಶನ್ ಸಂಸ್ಥೆಯು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿತು. ಅದರ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಬಂದ ಉದ್ದೇಶವು ಕ್ರೈಸ್ತಮತ ಪ್ರಚಾರವೇ ಹೊರತು ಕನ್ನಡದ ಸೇವೆಯಲ್ಲ. ಇದನ್ನು ಮುಚ್ಚಿಟ್ಟು ಹೊಗಳಿದರೆ ಅವರಿಗೂ ನ್ಯಾಯವಾಗದು, ನಮಗೂ ಶೋಭಿಸದು. ಜನರ ಮನಸ್ಸನ್ನು ಮುಟ್ಟಲು ಜನರ ಭಾಷೆ ಬೇಕಾಗಿತ್ತು. ಭಾಷೆಯನ್ನು ಕಲಿಯಹೊರಟವರಲ್ಲಿ ಕೆಲವರು ಬಂದ ಕೆಲಸಕ್ಕೆ ಬೇಕಾದುದಕ್ಕಿಂತ ಬಹು ಆಳಕ್ಕೆ ಇಳಿದುಬಿಟ್ಟರು.

ಅಂಥವರಲ್ಲಿ ಹೆರ್ಮನ್ ಮೋಗ್ಲಿಂಗ್ ಒಬ್ಬರು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆಯನ್ನು ಕೊಟ್ಟವರು ಇವರೇ. ಇವರು 1860ರಲ್ಲಿ ಭರತಖಂಡವನ್ನು ಬಿಟ್ಟು ಊರು ಸೇರಿದರು. ಮಲಯಾಳಕ್ಕೆ ದುಡಿದ ಹೆರ್ಮನ್ ಗುಂಡರ್ಟ್ ಅದಕ್ಕೆ ಒಂದು ವರ್ಷ ಮೊದಲೇ ಹೊರಟುಹೋಗಿದ್ದರು. ಗುಂಡರ್ಟರ ಮಲಯಾಳ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1872ರಲ್ಲಿ, ಅಂದರೆ ಅವರು ಕೇರಳವನ್ನು ಬಿಟ್ಟು ಹದಿಮೂರು ವರ್ಷಗಳಾದ ಮೇಲೆ. ಸೀಮೆಗೆ ಮರಳಿದೊಡನೆ ಇಲ್ಲಿನ ಭಾಷೆಯನ್ನು ಕೈಬಿಡದವರಲ್ಲಿ ಕಿಟ್ಟೆಲರೇ ಮೊದಲಿಗರಲ್ಲವೆಂಬುದಕ್ಕೆ ಇಷ್ಟು ಹೇಳಿದೆವು.

ಫರ್ಡಿನೆಂಡ್ ಕಿಟ್ಟೆಲರು ಹುಟ್ಟಿದ್ದು 1832ರಲ್ಲಿ, ಉತ್ತರ ಜರ್ಮನಿಯ ಸಮುದ್ರದಂಚಿನ ಸೀಮೆಯಲ್ಲಿ. ಬಳ್ಳಾರಿಯಲ್ಲಿ ಪಾದ್ರಿಯಾಗಿದ್ದ ವಿಲಿಯಂ ರೀವ್ ಎಂಬವರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾದದ್ದೂ ಅದೇ ವರ್ಷ! ಮುಂದೆ ಆ ನಿಘಂಟನ್ನು ಹಿಂದಿಕ್ಕುವ ಕೂಸು ಆಗ ತೊಟ್ಟಿಲಲ್ಲಿತ್ತು. ಕಿಟ್ಟೆಲರು 1853ರಲ್ಲಿ ಬಂದಾಗ ಅವರಿಗೆ ಇಪ್ಪತ್ತೊಂದು ವಯಸ್ಸು. ಸೂಯೆಜ್ ಕಾಲುವೆ ಇನ್ನೂ ತೋಡಿರಲಿಲ್ಲ. ಧಾರವಾಡ, ಮಂಗಳೂರು, ಮಡಿಕೇರಿ ಮುಂತಾದೆಡೆ ಅವರು ಬಾಳಿದರು. 1862ರಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ದೇಶದ ಛಂದಸ್ಸಿನಲ್ಲಿ ‘ಕಥಾಮಾಲೆ’ಯೆಂದು ರಚಿಸಿದರು. ಇದು ಪಾದ್ರಿಯ ಕೆಲಸವೇ ಸರಿ. ಆದರೆ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ ಪ್ರಕಟಿಸಿದ್ದರಿಂದ ಯಾರ ಮತಾಂತರವಾದೀತು? ಕೇಶಿರಾಜನ ಸೂತ್ರಗಳನ್ನು ಕೇಳಿ ಕ್ರೈಸ್ತನಾದವನೊಬ್ಬನೂ ಇರಲಾರನು.

1877ರಲ್ಲಿ ಅವರು ಒಮ್ಮೆ ಜರ್ಮನಿಗೆ ಮರಳಿದರು. ಆಗ ನಲವತ್ತೈದರ ಪ್ರಾಯ. ಬೇರೊಬ್ಬರಾಗಿದ್ದರೆ ಇಷ್ಟು ಸಾಕೆಂದು ಅಲ್ಲಿಯೇ ನಿಂತುಬಿಡುತ್ತಿದ್ದರು. ಕೋಶದ ಕೆಲಸ ಬಾಕಿಯಿತ್ತು. ಕಾವ್ಯಗಳ ಮಾತುಗಳನ್ನಾದರೆ ಪುಸ್ತಕದಿಂದ ತೆಗೆಯಬಹುದು. ಸಂತೆಯ ಮಾತು, ಗಾದೆಗಳು, ಹೆಂಗಸರ ನುಡಿಗಟ್ಟುಗಳು ದೂರದೇಶದ ಕೋಣೆಯೊಳಗೆ ಸಿಕ್ಕುವುವೇ? ಅದನ್ನು ಮುಗಿಸಲೆಂದೇ 1883ರಲ್ಲಿ, ಐವತ್ತು ದಾಟಿದ ಮೇಲೆ, ಮತ್ತೆ ಬಂದರು. ಇಲ್ಲಿನ ಪಂಡಿತರನ್ನು ಕಂಡು ಕೇಳಿ, ಒಂದೊಂದು ಶಬ್ದಕ್ಕೂ ಪ್ರಯೋಗವನ್ನು ಹುಡುಕಿ ಒಂಬತ್ತು ವರ್ಷ ದುಡಿದರು.

ಈ ದುಡಿಮೆಯ ಅಳತೆ ನಮ್ಮಂಥ ಬ್ಯಾಂಕಿನ ಗುಮಾಸ್ತರಿಗೆ ಸುಲಭವಾಗಿ ತಿಳಿಯುತ್ತದೆ. ಕೋಶದಲ್ಲಿ ಸುಮಾರು 70,000 ಶಬ್ದಗಳಿವೆ. ಪುಟಗಳು 1,700ಕ್ಕೂ ಮಿಕ್ಕಿವೆ. ಹದಿನೈದು ವರ್ಷದ ಕೆಲಸವೆಂದು ಹಿಡಿದು, ವರ್ಷಕ್ಕೆ ಮುನ್ನೂರು ದಿನದಂತೆ ಲೆಕ್ಕ ಹಾಕಿದರೆ ದಿನವೊಂದಕ್ಕೆ ಹದಿನೈದೋ ಹದಿನಾರೋ ಶಬ್ದಗಳು. ಇಷ್ಟೇ ತಾನೆ ಎನ್ನಬಹುದು. ಆದರೆ ಒಂದು ಶಬ್ದವೆಂದರೆ ಒಂದು ಸಾಲಿನ ಜಮಾ-ಖರ್ಚಲ್ಲ. ಹಳಗನ್ನಡದ ರೂಪ, ಹೊಸಗನ್ನಡದ ರೂಪ, ಅರ್ಥಭೇದಗಳು, ಕಾವ್ಯದ ಉದಾಹರಣೆ, ಗಾದೆ ಇದ್ದರೆ ಗಾದೆ, ಮೇಲಾಗಿ ತಮಿಳು, ತೆಲುಗು, ಮಲಯಾಳ, ತುಳುಗಳಲ್ಲಿ ಅದರ ಒಡಹುಟ್ಟುಗಳು. ಇವೆಲ್ಲ ಕೈಬರಹದಲ್ಲಿ, ಹಣತೆಯ ಬೆಳಕಿನ ಕಾಲದಲ್ಲಿ. ಸಂಜೆ ಐದರ ಹೊತ್ತಿಗೆ ತಾಳೆ ಸಿಕ್ಕದೆ ಚಡಪಡಿಸುವ ನಾವು ಕೈಮುಗಿಯುವುದೊಂದೇ ಉಳಿದದ್ದು.

ಆ ಒಡಹುಟ್ಟುಗಳ ಸಂಗತಿಯು ಚೆನ್ನೈನಲ್ಲಿರುವ ನಮ್ಮ ಮನೆಗಳಿಗೆ ಬೇಕಾದದ್ದು. ನಮ್ಮ ಮಕ್ಕಳು ಮನೆಯಲ್ಲಿ ‘ಹಾಲು’ ಎಂದು, ಬೀದಿಗಿಳಿದರೆ ‘ಪಾಲ್’ ಎಂದು ಕೇಳುತ್ತಾರೆ. ಮಾತು ಕೆಟ್ಟಿತೆಂದು ಅಜ್ಜಿಯರು ಕೊರಗುತ್ತಾರೆ. ಹಳಗನ್ನಡದಲ್ಲಿಯೂ ಅದು ‘ಪಾಲ್’ ಎಂದೇ ಇತ್ತು. ಪಕಾರವು ಹಕಾರವಾದದ್ದು ಆಮೇಲೆ. ಇಂಥ ನಂಟನ್ನು ಸಾವಿರಾರು ಶಬ್ದಗಳಲ್ಲಿ ಕಿಟ್ಟೆಲರು ತೋರಿಸಿಕೊಟ್ಟಿದ್ದಾರೆ.

1892ರಲ್ಲಿ ಕೊನೆಯ ಸಲ ಹೊರಟಾಗ ಅವರಿಗೆ ಅರವತ್ತು ತುಂಬಿತ್ತು. ನಡುವಿನ ಆರು ವರ್ಷಗಳನ್ನು ಕಳೆದರೆ ಈ ದೇಶದಲ್ಲಿ ಬಾಳಿದ್ದು ಮೂವತ್ತಮೂರು ವರ್ಷ. ಪ್ರಾಯದ ದಿನಗಳೆಲ್ಲ ಇಲ್ಲಿ ಸಂದುವು. ಪ್ರಚಾರಕನ ಲೆಕ್ಕದಲ್ಲಿ ನೋಡಿದವರಿಗೆ ಆ ಪಯಣದ ಫಲವು ಅಷ್ಟೇನೂ ದೊಡ್ಡದಾಗಿ ಕಂಡಿರಲಾರದು. ಇಷ್ಟು ವರ್ಷಗಳಾದ ಮೇಲೆ ಊರಿಗೆ ಹೋದವನಿಗೆ ಊರು ಊರಾಗಿ ಉಳಿದಿರುವುದಿಲ್ಲವೆಂಬುದನ್ನು ಬೇಸಿಗೆಯ ರಜೆಯಲ್ಲಿ ಹಾಸನಕ್ಕೋ ಉಡುಪಿಗೋ ಹೋಗಿಬರುವ ನಮ್ಮ ಹಿರಿಯರು ಬಲ್ಲರು.

ಅವರು ನೆಲಸಿದ ಟ್ಯೂಬಿಂಗೆನ್ ಎಂಬುದು ವಿದ್ಯಾಪೀಠದ ಊರು. ಅಲ್ಲಿನ ವಿಶ್ವವಿದ್ಯಾನಿಲಯವು 1896ರಲ್ಲಿ ಅವರಿಗೆ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟಿತು. ಕನ್ನಡದ ಕೆಲಸವನ್ನು ಅವರು ಅಲ್ಲಿಯೂ ಬಿಡಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳನ್ನು ಒಟ್ಟಿಗೆ ವಿವರಿಸುವ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದರು. ಅದು ಮಂಗಳೂರಿನ ಮಿಶನ್ ಮುದ್ರಣಾಲಯದಲ್ಲಿಯೇ 1903ರಲ್ಲಿ ಅಚ್ಚಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಅವರು ಟ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು.

ಕೋಶದ ಪ್ರತಿಗಳು ಕಾಲಕ್ರಮದಲ್ಲಿ ಅಪರೂಪವಾದುವು. ಅದನ್ನು ಪರಿಷ್ಕರಿಸಿ, ವಿಸ್ತರಿಸಿ ನಾಲ್ಕು ಸಂಪುಟಗಳಲ್ಲಿ ಮತ್ತೆ ಹೊರತಂದದ್ದು ನಮ್ಮ ಈ ಊರಿನದೇ ಆದ ಮದರಾಸು ವಿಶ್ವವಿದ್ಯಾನಿಲಯ, 1968ರಿಂದ 1971ರವರೆಗೆ. ಅದನ್ನು ಸಿದ್ಧಪಡಿಸಿದ ಎಂ. ಮರಿಯಪ್ಪ ಭಟ್ಟರು ಇಲ್ಲಿ ಕನ್ನಡದ ಪ್ರಾಧ್ಯಾಪಕರಾಗಿದ್ದವರು. ಅವರೂ ಕನ್ನಡ ನಾಡಿನ ಗಡಿಯಾಚೆಯೇ ಕುಳಿತು ಆ ಕೆಲಸವನ್ನು ಮಾಡಿ ಮುಗಿಸಿದರು.