ತಲೆಯಿಲ್ಲದ ರಾಣಿ

ದೆವ್ವಗಳಲ್ಲಿ ನನಗೆ ನಂಬಿಕೆಯಿಲ್ಲ. ಆದರೂ ದೆವ್ವದ ಕಥೆ ಎಂದರೆ ಕಿವಿ ತಾನಾಗಿ ಅತ್ತ ತಿರುಗುತ್ತದೆ; ಬಾಲ್ಯದಲ್ಲಿ ಅಜ್ಜಿಯ ಮಗ್ಗುಲಲ್ಲಿ ಕುಳಿತು ಹತ್ತಿಸಿಕೊಂಡ ಚಟ ಅದು. ಹಾಗಾಗಿ ಲಂಡನ್ನಿನ 'ಟವರ್' ನೋಡಲು ಹೋದಾಗ, ಎಲ್ಲರೂ ಕೊಹಿನೂರ್ ವಜ್ರ ಇರುವ ಕಡೆಗೆ ಸಾಲು ನಿಂತರೆ, ನಾನು ಮೊದಲು ಹುಡುಕಿಕೊಂಡು ಹೋದದ್ದು ಆನ್ ಬೊಲಿನ್ ರಾಣಿಯ ದೆವ್ವ ಓಡಾಡುವ ಜಾಗವನ್ನು.

ಹೆಸರು ಟವರ್ ಎಂದಿದ್ದರೂ ಅದು ಒಂದೇ ಗೋಪುರವಲ್ಲ. ಥೇಮ್ಸ್ ನದಿಯ ದಂಡೆಯ ಮೇಲಿನ ದೊಡ್ಡ ಕೋಟೆ. ಹನ್ನೊಂದನೆಯ ಶತಮಾನದಲ್ಲಿ ವಿಲಿಯಂ ದೊರೆ ಕಟ್ಟಿಸಲು ತೊಡಗಿದ ಬಿಳಿಯ ಗೋಪುರ ನಡುವೆ. ಅದರ ಸುತ್ತ ಎರಡು ಸುತ್ತಿನ ಗೋಡೆ. ಅರಮನೆ, ಖಜಾನೆ, ಆಯುಧಶಾಲೆ, ಸೆರೆಮನೆ ಎಲ್ಲವೂ ಆಗಿದ್ದ ಸ್ಥಳ ಅದು.

ಕೆಂಪು ಅಂಚಿನ ಕಡುನೀಲಿ ಉಡುಪಿನ ಕಾವಲುಗಾರರೊಬ್ಬರು ನಮ್ಮ ಗುಂಪಿಗೆ ಕಥೆ ಹೇಳಿದರು. 1864ರಲ್ಲಿ ಕೋಟೆಯ ಅಧಿಕಾರಿಯ ನಿವಾಸದ ಮುಂದೆ ಪಹರೆಯ ಸಿಪಾಯಿಯೊಬ್ಬ ಮೈಮರೆತು ಬಿದ್ದಿದ್ದನಂತೆ. ಕೆಲಸದ ಹೊತ್ತಿನಲ್ಲಿ ನಿದ್ದೆ ಹೋದನೆಂದು ಸೈನಿಕ ನ್ಯಾಯಾಲಯದ ಮುಂದೆ ನಿಲ್ಲಿಸಿದರು. ಅವನು ಹೇಳಿದ್ದು ಇಷ್ಟು: ಬಿಳಿಯ ಆಕೃತಿಯೊಂದು ತನ್ನತ್ತ ಬಂತು, ಕೂಗಿದರೂ ನಿಲ್ಲಲಿಲ್ಲ, ಬಯೊನೆಟ್ಟಿನಿಂದ ತಿವಿದರೆ ಗಾಳಿಯನ್ನು ತಿವಿದಂತಾಯಿತು. ಬೇರೆಯವರೂ ಅದನ್ನು ಕಂಡೆವೆಂದು ಸಾಕ್ಷಿ ನುಡಿದು ಅವನು ಪಾರಾದನಂತೆ. ರಾಣಿ ತನ್ನ ಕೊನೆಯ ರಾತ್ರಿಯನ್ನು ಕಳೆದದ್ದು ಆ ಮನೆಯಲ್ಲೇ ಎಂಬುದು ಕಥೆಯ ಜೀವಾಳ.

"ಮನೆ ಯಾವ ಕಾಲದ್ದು?" ಎಂದು ನಾನು ಕೇಳಿದೆ.

"1540ರ ಸುಮಾರಿನದು" ಎಂದು ಹೇಳಿ ಆತ ಸಣ್ಣಗೆ ನಕ್ಕರು. ರಾಣಿಯ ತಲೆ ಉರುಳಿದ್ದು 1536ರ ಮೇ 19ರಂದು! ಆಕೆ ಸೆರೆಯಲ್ಲಿದ್ದದ್ದು ಬಿಳಿಯ ಗೋಪುರದ ದಕ್ಷಿಣಕ್ಕಿದ್ದ ಅರಮನೆಯ ಕೋಣೆಗಳಲ್ಲಿ. ಆ ಅರಮನೆ ಎಂದೋ ನೆಲಸಮವಾಗಿದೆ. ಪ್ರವಾಸಿಗರು ಇಂದು ತಲೆಬಾಗಿ ನೋಡುವ, ಗಾಜಿನ ದಿಂಬನ್ನಿಟ್ಟ ಸ್ಮಾರಕವೂ ವಧಾಸ್ಥಾನದ ಮೇಲಿಲ್ಲ. ವಧಾವೇದಿಕೆಯಿದ್ದದ್ದು ಬಿಳಿಯ ಗೋಪುರದ ಉತ್ತರಕ್ಕೆ ಎಂಬುದು ಇತಿಹಾಸಕಾರರ ಮತ. ಜೀವಂತಳಾಗಿದ್ದಾಗ ಕಾಣದ ಮನೆಯ ಮುಂದೆ ರಾಣಿ ಸತ್ತ ಮೇಲೆ ಏಕೆ ಸುಳಿದಾಡಬೇಕು? ನನಗೆ ತೋಚುವ ಉತ್ತರ ಒಂದೇ. ಅರಮನೆ ಉಳಿಯಲಿಲ್ಲ, ಮನೆ ಉಳಿಯಿತು; ಜನ ನಿಂತು ನೋಡುವ ಕಡೆಗೆ ಕಥೆಯೂ ಬಂದು ನಿಂತಿತು.

ಇನ್ನು ನಡೆದದ್ದನ್ನು ನೋಡೋಣ. ಎಂಟನೆಯ ಹೆನ್ರಿ ಈಕೆಗಾಗಿ ಕೈಹಿಡಿದ ಕ್ಯಾಥರೀನಳನ್ನು ಬಿಟ್ಟ, ರೋಮಿನ ಪೋಪರೊಡನೆ ಸಂಬಂಧ ಕಡಿದುಕೊಂಡ. 1533ರ ಜೂನ್ 1ರಂದು ಆನ್‌ಗೆ ಪಟ್ಟವಾಯಿತು. ಸೆಪ್ಟೆಂಬರಿನಲ್ಲಿ ಎಲಿಜಬೆತ್ ಹುಟ್ಟಿದಳು. ದೊರೆಗೆ ಬೇಕಾಗಿದ್ದದ್ದು ಗಂಡು. 1536ರ ಜನವರಿಯಲ್ಲಿ ಗರ್ಭಪಾತವಾಯಿತು. ಮೇ 2ರಂದು ರಾಣಿಯ ಬಂಧನವಾಯಿತು. ಪಟ್ಟಾಭಿಷೇಕದ ಮುನ್ನ ತಂಗಿದ್ದ ಕೋಣೆಗಳಿಗೇ ಆಕೆಯನ್ನು ತಂದರು. ಸ್ವಂತ ಸೋದರನೂ ಸೇರಿ ಐವರೊಡನೆ ವ್ಯಭಿಚಾರ, ದೊರೆಯ ಕೊಲೆಯ ಸಂಚು—ಇವು ಆರೋಪಗಳು. ಆರೋಪಪತ್ರದಲ್ಲಿ ಹೇಳಿದ ಅನೇಕ ದಿನಗಳಲ್ಲಿ ರಾಣಿ ಆಯಾ ಸ್ಥಳದಲ್ಲಿ ಇರಲೇ ಇಲ್ಲ! ತೀರ್ಪು ಕೊಟ್ಟ 26 ಮಂದಿ ಸರದಾರರ ಅಧ್ಯಕ್ಷ ಆಕೆಯ ಸೋದರಮಾವ, ನಾರ್ಫಕ್ ಡ್ಯೂಕ್. ಕತ್ತಿಯಿಂದ ಕಡಿಯಲು ಕೆಲೆಯಿಂದ ಒಬ್ಬನನ್ನು ಕರೆಸಿದರು. ಶವಪೆಟ್ಟಿಗೆಯನ್ನು ಮಾತ್ರ ಯಾರೂ ಸಿದ್ಧಮಾಡಿರಲಿಲ್ಲ. ಆಯುಧಶಾಲೆಯ ಪೆಟ್ಟಿಗೆಯೊಂದರಲ್ಲಿಟ್ಟು ಕೋಟೆಯೊಳಗಿನ ಚರ್ಚಿನಲ್ಲಿ ಹುಗಿದರು. ಹನ್ನೊಂದನೆಯ ದಿನ ದೊರೆ ಜೇನ್ ಸೀಮೋರಳನ್ನು ಮದುವೆಯಾದ.

ಇಂಥ ಸಾವಿನಿಂದ ದೆವ್ವ ಹುಟ್ಟದಿದ್ದರೇ ಆಶ್ಚರ್ಯ. ನ್ಯಾಯಾಲಯ ಮುಗಿಸಿದ ಮೊಕದ್ದಮೆಯನ್ನು ಜನ ತಮ್ಮ ಕಥೆಯಲ್ಲಿ ಮತ್ತೆ ತೆರೆಯುತ್ತಾರೆ. ಅನ್ಯಾಯವಾಗಿ ಸತ್ತವರು ಸುಮ್ಮನೆ ಮಲಗಿರಲಾರರು ಎಂಬುದು ಒಂದು ಬಗೆಯ ಧರ್ಮಬುದ್ಧಿಯೇ. ಆದರೆ ಕಥೆಯೂ ಪಕ್ಷಪಾತಿ. ಎರಡು ದಿನ ಮೊದಲು ಅದೇ ಆರೋಪದ ಮೇಲೆ ಐವರ ತಲೆ ಬಿತ್ತಷ್ಟೆ. ಅವರಲ್ಲಿ ಮಾರ್ಕ್ ಸ್ಮೀಟನ್ ಎಂಬ ಬಡ ವಾದ್ಯಗಾರನೂ ಇದ್ದ. ಅವನ ದೆವ್ವವನ್ನು ಕಾಯುತ್ತ ಯಾರೂ ನಿಂತಿರುವುದಿಲ್ಲ.

ನನಗೆ ಹೆಚ್ಚು ನೋವೆನಿಸಿದ್ದು ಇನ್ನೊಂದು. ನಾರ್ಫಕ್ ಪ್ರಾಂತದ ಬ್ಲಿಕ್ಲಿಂಗ್ ಎಂಬಲ್ಲಿ, ಪ್ರತಿವರ್ಷ ಮೇ 19ರ ರಾತ್ರಿ ಆನ್ ತನ್ನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಸಾರೋಟಿನಲ್ಲಿ ಬರುತ್ತಾಳಂತೆ. 1934ರಲ್ಲಿ ಅವಳು ತಲೆಯನ್ನು ಕಂಕುಳಲ್ಲಿಟ್ಟುಕೊಂಡು ತಿರುಗುವುದನ್ನೇ ಹಾಸ್ಯದ ಹಾಡು ಮಾಡಿದರು. ಊರೆಲ್ಲ ಹಾಡಿ ನಕ್ಕಿತು. ನಿಜವಾದ ಆನ್‌ಳ ಬಲವಿದ್ದದ್ದೇ ಆ ತಲೆಯಲ್ಲಿ. ನೆದರ್ಲೆಂಡ್ಸಿನ, ಫ್ರಾನ್ಸಿನ ಆಸ್ಥಾನಗಳಲ್ಲಿ ಬೆಳೆದವಳು; ಫ್ರೆಂಚ್ ಬೈಬಲ್ಲನ್ನು ಓದುತ್ತಿದ್ದವಳು. ಮಠಗಳಿಂದ ಕಿತ್ತುಕೊಂಡ ಆಸ್ತಿ ವಿದ್ಯೆಗೂ ದಾನಕ್ಕೂ ಸಲ್ಲಬೇಕೆಂದು ಮಂತ್ರಿ ಥಾಮಸ್ ಕ್ರಾಮ್‌ವೆಲ್ಲನನ್ನು ಎದುರಿಸಿದವಳು. ಅವಳನ್ನು ಕಳೆಯಲು ಕತ್ತಿ ಬೇಕಾಯಿತು. ಸಹಾನುಭೂತಿಯಿಂದಲೇ ಹುಟ್ಟಿದ ಕಥೆ ಕೊನೆಗೆ ಆ ಕತ್ತಿಯ ಕೆಲಸವನ್ನೇ ಮುಂದುವರಿಸಿ, ಅವಳನ್ನು ತಲೆಯಿಲ್ಲದವಳನ್ನಾಗಿಯೇ ಉಳಿಸಿಕೊಂಡಿದೆ.

ಸಂಜೆ ಕೋಟೆಯ ಬಾಗಿಲು ಹಾಕುವ ಹೊತ್ತಾಯಿತು. ಹೊರಡುವಾಗ ನನ್ನ ಮನಸ್ಸಿನಲ್ಲಿದ್ದದ್ದು ಇನ್ನೊಬ್ಬಳು. ತಾಯಿ ಸತ್ತಾಗ ಎಲಿಜಬೆತ್‌ಗೆ ಮೂರು ವರ್ಷವೂ ತುಂಬಿರಲಿಲ್ಲ. 1554ರ ಮಾರ್ಚಿನಲ್ಲಿ, ದಂಗೆಯಲ್ಲಿ ಕೈಯಿದೆ ಎಂಬ ಸಂಶಯದ ಮೇಲೆ, ಅವಳನ್ನೂ ಇದೇ ಕೋಟೆಗೆ ತಂದು ಸೆರೆಯಲ್ಲಿಟ್ಟರು. ಎರಡು ತಿಂಗಳು ಸಾವಿನ ಭಯದಲ್ಲಿ ಕಳೆದು ಅವಳು ಜೀವಸಹಿತ ಹೊರಗೆ ಬಂದಳು. ಮುಂದೆ 44 ವರ್ಷ ಆಳಿದಳು. ಹೊರಗೆ ಬಂದ ದಿನ ಮೇ 19. ಆನ್ ಬೊಲಿನ್ ಈ ಕೋಟೆಯಿಂದ ತಲೆಯೆತ್ತಿ ನಡೆದು ಹೋದದ್ದನ್ನು ಯಾರಾದರೂ ಕಂಡಿದ್ದರೆ, ಅದು ಅಂದೇ ಇರಬೇಕು.