ಹೆಣೆಯುವುದು, ಹೆಣಗುವುದು

ಕನ್ನಡದಲ್ಲಿ ಯಾವ ಕೆಲಸವನ್ನಾದರೂ ಇನ್ನೊಬ್ಬರ ಕೈಯಲ್ಲಿ ಮಾಡಿಸಿಕೊಳ್ಳಲು ಒಂದು ‘ಇಸು’ ಸಾಕು. ಬಟ್ಟೆ ಹೊಲಿಸುತ್ತೇವೆ, ಮನೆ ಕಟ್ಟಿಸುತ್ತೇವೆ, ಒಡವೆ ಮಾಡಿಸುತ್ತೇವೆ, ಮದುವೆಗೆ ಅಡುಗೆ ಮಾಡಿಸುತ್ತೇವೆ, ಕೊನೆಗೆ ನಮ್ಮ ಪರವಾಗಿ ಪೂಜೆಯನ್ನೂ ಮಾಡಿಸುತ್ತೇವೆ. ಆದರೆ ‘ಮಗೂಗೆ ಒಂದು ಸ್ವೆಟರ್ ಹೆಣೆಸಿದೆ’ ಎಂದು ಯಾರಾದರೂ ಹೇಳಿದ್ದನ್ನು ನಾನಂತೂ ಕೇಳಿದ ನೆನಪಿಲ್ಲ. ವ್ಯಾಕರಣದ ಅಡ್ಡಿಯೇನೂ ಇಲ್ಲ, ನಾಲಿಗೆ ಒಪ್ಪುವುದಿಲ್ಲ ಅಷ್ಟೆ. ಅಳತೆ ಕೊಟ್ಟು, ಅಡ್ವಾನ್ಸ್ ಕೊಟ್ಟು, ‘ಶುಕ್ರವಾರ ಬನ್ನಿ’ ಅನ್ನಿಸಿಕೊಂಡು ಬರುವ ಟೈಲರ್ ಅಂಗಡಿ ಬೀದಿಗೆರಡಿವೆ. ಹೆಣೆಯುವವರ ಅಂಗಡಿ ಇಲ್ಲ. ಮನೆಯಲ್ಲೇ ಮಷೀನ್ ಇಟ್ಟುಕೊಂಡು ಆರ್ಡರ್ ಹಿಡಿಯುವವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದರು. ಅವರ ಕೈಯಿಂದ ಬಂದದ್ದನ್ನು ಜನ ‘ಮಷೀನಲ್ಲಿ ಹಾಕಿಸಿದ್ದು’ ಎನ್ನುತ್ತಿದ್ದರು, ಹೆಣೆಸಿದ್ದು ಎನ್ನುತ್ತಿರಲಿಲ್ಲ. ಹೆಣೆಯುವುದು ಕೂಲಿಗೆ ಸಿಗುವ ಕೆಲಸವಲ್ಲ ಎಂದು ಭಾಷೆ ತನ್ನಷ್ಟಕ್ಕೆ ತೀರ್ಮಾನಿಸಿಬಿಟ್ಟಂತಿದೆ.

ಹೀಗಾಗಿ ಈ ಕ್ರಿಯಾಪದ ಯಾವಾಗಲೂ ಒಂದು ‘ಯಾರಿಗೆ’ಯನ್ನು ಜೊತೆಗಿಟ್ಟುಕೊಂಡೇ ಓಡಾಡುತ್ತದೆ. ಮಗ್ಗದ ಮುಂದೆ ಕೂತು ಸೀರೆ ನೇಯುವವರನ್ನು ‘ಇದು ಯಾರಿಗೆ?’ ಎಂದು ಯಾರೂ ಕೇಳುವುದಿಲ್ಲ. ಹುಬ್ಬಳ್ಳಿ ರೈಲಿನಲ್ಲಿ ಒಬ್ಬ ಹೆಂಗಸು ಚೀಲದಿಂದ ಕಡ್ಡಿ, ಉಲ್ಲನ್ ತೆಗೆಯಲಿ, ಅರಸೀಕೆರೆ ಬರುವುದರೊಳಗೆ ಎದುರು ಸೀಟಿನವರು ಕೇಳಿಯೇ ಕೇಳುತ್ತಾರೆ: ‘ಯಾರಿಗ್ರೀ ಅದು?’ ‘ಮಗಳ ಮಗೂಗೆ’ ಎಂಬ ಒಂದು ಉತ್ತರ ಬಂತೋ, ಮಗಳಿಗೆ ಎಷ್ಟರಲ್ಲಿ ತಿಂಗಳು, ಅಳಿಯಂದಿರು ಏನು ಮಾಡುತ್ತಾರೆ, ಬಾಣಂತನ ಎಲ್ಲಿ, ಮೊದಲನೆಯದೋ ಎರಡನೆಯದೋ ಎಲ್ಲ ಬೀರೂರಿನ ಹೊತ್ತಿಗೆ ಬಯಲು. ಅಪರಿಚಿತರು ಮಾತಿಗೆ ಇಳಿಯಲು ಇದಕ್ಕಿಂತ ಸಲೀಸಾದ ಉಪಾಯ ನನಗೆ ಗೊತ್ತಿಲ್ಲ.

ಕಡ್ಡಿಯೂ ಉಲ್ಲನ್ನೂ ನಮ್ಮಲ್ಲಿಗೆ ತಡವಾಗಿ ಬಂದವು. ಪದ ಮಾತ್ರ ಬಹಳ ಹಿಂದಿನದು. ಹಳಗನ್ನಡದಲ್ಲಿ ಅದು ಪೆಣೆ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಪೆಣೆ ಹೆಣೆಯಾಯಿತು. ಉಲ್ಲನ್ ಬರುವ ಮುಂಚೆಯೇ ಅದಕ್ಕೆ ಕೈತುಂಬ ಕೆಲಸವಿತ್ತು. ಕೂದಲನ್ನು ಮೂರು ಕಾಲು ಮಾಡಿ ಜಡೆ ಹೆಣೆಯುವುದು, ಬಿದಿರು ಸೀಳಿ ಬುಟ್ಟಿ, ಮೊರ ಹೆಣೆಯುವುದು (12ನೆಯ ಶತಮಾನದ ಶರಣ ಮೇದಾರ ಕೇತಯ್ಯನವರ ಕಾಯಕ ಇದೇ), ಕರಾವಳಿಯಲ್ಲಿ ಚಪ್ಪರಕ್ಕೆಂದು ತೆಂಗಿನ ಗರಿ ಹೆಣೆಯುವುದು, ಮೀನಿನ ಬಲೆ ಹೆಣೆಯುವುದು. ಅಶ್ವತ್ಥಕಟ್ಟೆಯ ನಾಗರಕಲ್ಲಿನ ಮೇಲೆ ಎರಡು ಹಾವು ಒಂದಕ್ಕೊಂದು ಸುತ್ತಿಕೊಂಡಿರುತ್ತವಲ್ಲ, ಅವೂ ಹೆಣೆದುಕೊಂಡವೇ. ಸ್ವೆಟರಿನಲ್ಲಿ ಮೂರನೆಯ ಕಡ್ಡಿ ಬಳಸಿ ಕುಣಿಕೆಗಳನ್ನು ಅದಲುಬದಲು ಮಾಡಿ ಎದೆಯ ಮೇಲೆ ಇಳಿಬಿಡುವ ಹುರಿಯಂಥ ವಿನ್ಯಾಸ ಬಂದಾಗ ನಮ್ಮ ಹೆಂಗಸರು ಅದಕ್ಕೆ ಇಂಗ್ಲಿಷ್ ಹೆಸರು ಕೇಳುತ್ತ ಕೂರಲಿಲ್ಲ, ‘ಜಡೆ ಡಿಸೈನ್’ ಎಂದುಬಿಟ್ಟರು. ಹೊಸ ಕೆಲಸ ಹಳೇ ಪದದ ಮನೆಗೆ ಸೊಸೆಯಾಗಿ ಬಂದು ಹೊಂದಿಕೊಂಡದ್ದು ಹೀಗೆ.

ನೆರೆಯ ಭಾಷೆಗಳಲ್ಲಿ ಈ ಪದದ ಬಳಗ ದೊಡ್ಡದು. ತಮಿಳಿನ ‘ಪಿಣೈ’ಗೆ ಹೆಣೆ, ಬೆಸೆ ಎಂಬ ಅರ್ಥದ ಜೊತೆಗೆ ಜಾಮೀನು ಎಂಬ ಅರ್ಥವೂ ಇದೆ. ಅದರ ತಂಗಿ ‘ಪಿಣಂಗು’ ಎಂದರೆ ಜಗಳವಾಡು. ಮಲಯಾಳದಲ್ಲಿ ಅದೇ ಮುನಿಸು. ಕನ್ನಡದಲ್ಲಿ ಆ ತಂಗಿ ಪೆಣಗು, ಅಂದರೆ ಇಂದಿನ ಹೆಣಗು. ಕಿಟೆಲ್ಲರ 1894ರ ನಿಘಂಟಿನಲ್ಲಿ ಪೆಣೆ, ಪೆಣಗು ಎರಡೂ ಸಿಗುತ್ತವೆ. ಒಂದರೊಳಗೊಂದು ಸುತ್ತಿಕೊಳ್ಳುವುದು ಹೆಣೆ. ಸುತ್ತಿಕೊಂಡದ್ದರಿಂದ ಬಿಡಿಸಿಕೊಳ್ಳಲಾರದೆ ಒದ್ದಾಡುವುದು ಹೆಣಗು. (ಹೆಣಕ್ಕೂ ಇವಕ್ಕೂ ಸಂಬಂಧವಿಲ್ಲ. ಅದು ಪೆಣದಿಂದ ಬಂದದ್ದು, ಬೇರೆ ವಂಶ. ‘ಹೆಣಿಗೆ ಕ್ಲಾಸಿಗೆ ಹೋಗ್ತೀನಿ’ ಎಂದ ಮೊಮ್ಮಗಳನ್ನು ‘ಸಂಜೆ ಹೊತ್ತು ಏನೇ ಅದು ಮಾತು’ ಎಂದು ಗದರಿದ ಅಜ್ಜಿಯರಿಗೆ ಇದನ್ನು ತಿಳಿಸಬೇಕು.)

ಹೆಣೆಯಲು ಕಲಿಯುತ್ತಿರುವವರನ್ನು ಒಮ್ಮೆ ನೋಡಿದರೆ ಈ ಅಕ್ಕತಂಗಿಯರ ನಂಟಿಗೆ ನಿಘಂಟಿನ ಸಾಕ್ಷಿ ಬೇಕಿಲ್ಲ. ಭುಜ ಕಿವಿಯ ತನಕ ಏರಿರುತ್ತದೆ, ನಾಲಿಗೆ ತುದಿ ಹೊರಗೆ, ದಾರ ಎಷ್ಟು ಬಿಗಿ ಎಂದರೆ ಕಡ್ಡಿ ಒಳಗೇ ತೂರದು. ಇಪ್ಪತ್ತು ಕುಣಿಕೆಯಿಂದ ಶುರುವಾದದ್ದು ಆರು ಸಾಲು ಮುಗಿಯುವಾಗ ಇಪ್ಪತ್ತಮೂರಾಗಿರುತ್ತದೆ, ಯಾಕೆಂದು ಯಾರಿಗೂ ತಿಳಿಯದು. ಸೀದಾ, ಉಲ್ಟಾ, ಸೀದಾ, ಉಲ್ಟಾ. ಇರುವುದು ಈ ಎರಡೇ ವಿದ್ಯೆ. ಸೀದಾ ಹಾಕಿದ ಕುಣಿಕೆ ಮುಂದಿನಿಂದ ‘ವಿ’ ಆಕಾರ, ಹಿಂದಿನಿಂದ ಗಂಟು. ಉಲ್ಟಾ ಎಂದರೆ ಅದನ್ನೇ ಆಚೆ ಕಡೆಯಿಂದ ನೋಡಿದ್ದು. ಇಷ್ಟರಲ್ಲೇ ಸಾವಿರ ಡಿಸೈನು.

ದಾರದ ಕೆಲಸಗಳಿಗೆ ಕನ್ನಡ ಒಂದೊಂದಕ್ಕೂ ಬೇರೆ ಬೇರೆ ಮಾತಿಟ್ಟಿದೆ. ಹತ್ತಿಯಿಂದ ನೂಲುತ್ತೇವೆ, ಬತ್ತಿ ಹೊಸೆಯುತ್ತೇವೆ, ಬಟ್ಟೆ ನೇಯುತ್ತೇವೆ, ಹೊಲಿಯುತ್ತೇವೆ, ಮಣಿ ಪೋಣಿಸುತ್ತೇವೆ, ಹೂ ಕಟ್ಟುತ್ತೇವೆ. ಈ ಮಾತುಗಳೆಲ್ಲ ಸಾಹಿತ್ಯಕ್ಕೆ ಹೋದಾಗ ಅಲ್ಲಿ ಅವುಗಳ ಮರ್ಯಾದೆ ಒಂದೇ ಸಮ ಉಳಿಯಲಿಲ್ಲ. ಕವನ ಹೊಸೆಯುವವನು ಎಂದರೆ ಬೈಗುಳ. ಕಥೆ ಕಟ್ಟಿದ ಎಂದರೆ ಸುಳ್ಳು ಹೇಳಿದ ಎಂದೇ ಲೆಕ್ಕ. ಕಥೆ ಹೆಣೆದ ಎಂದರೆ ಮಾತ್ರ ಮೆಚ್ಚುಗೆ. ಪತ್ರಿಕೆಗಳ ರಾಜಕೀಯ ಪುಟದಲ್ಲಿ ಚುನಾವಣೆ ಹತ್ತಿರವಾದಂತೆ ಹೆಣೆಯುವವರ ಸಂಖ್ಯೆ ಏರುತ್ತದೆ. ಎಲ್ಲರೂ ರಣತಂತ್ರ ಹೆಣೆಯುವವರೇ, ಅವರಲ್ಲಿ ಒಬ್ಬರಿಗೂ ಒಂದು ಕಾಲುಚೀಲ ಬರಲಿಕ್ಕಿಲ್ಲ. ಅಪರಾಧದ ಪುಟದಲ್ಲಿ ಪೊಲೀಸರು ಬಲೆ ಬೀಸುತ್ತಾರೆ. ಆ ಬಲೆಯನ್ನು ಹೆಣೆದದ್ದು ಯಾರು ಎಂಬುದನ್ನು ವರದಿಗಾರರು ಇದುವರೆಗೆ ಬರೆದಿಲ್ಲ.

ನೇಯ್ಗೆಗೂ ಹೆಣಿಗೆಗೂ ಇರುವ ವ್ಯತ್ಯಾಸ ಹೆಸರಿನದಷ್ಟೇ ಅಲ್ಲ. ನೇಯ್ಗೆಗೆ ಎರಡು ದಾರ ಬೇಕು: ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಹೆಣಿಗೆಗೆ ಒಂದೇ ದಾರ. ಅದೇ ತನ್ನೊಳಗೆ ತಾನೇ ತೂರಿ ಕುಣಿಕೆಯಾಗುತ್ತದೆ, ಆ ಕುಣಿಕೆಯೊಳಗಿನಿಂದ ಇನ್ನೊಂದು ಕುಣಿಕೆ ಏಳುತ್ತದೆ. ನೇಯ್ದ ಬಟ್ಟೆ ಎಳೆದರೆ ಬಗ್ಗದು, ಹೆಣೆದದ್ದು ಎಳೆದಷ್ಟು ಹಿಗ್ಗಿ ಮತ್ತೆ ಮುದುಡುತ್ತದೆ. ನಾವು ಹಾಕುವ ಬನಿಯನ್, ಟೀಶರ್ಟ್, ಸಾಕ್ಸ್ ಎಲ್ಲ ಮೈಗೆ ಒಗ್ಗುವುದು ಅವೆಲ್ಲ ಹೆಣಿಗೆ ಆಗಿರುವುದರಿಂದ. ತಿರುಪ್ಪೂರಿನ ಇಡೀ ಊರು ಬದುಕುವುದು ಯಂತ್ರದ ಹೆಣಿಗೆಯ ಮೇಲೆ. ಆ ಯಂತ್ರದ ಮೊದಲ ರೂಪವನ್ನು 1589ರಲ್ಲಿ ಮಾಡಿದವನು ಇಂಗ್ಲೆಂಡಿನ ವಿಲಿಯಂ ಲೀ. ತಾನು ಮೆಚ್ಚಿದ ಹುಡುಗಿ ಕಡ್ಡಿಯಿಂದ ಕಣ್ಣೆತ್ತದೆ ಕೂರುತ್ತಿದ್ದಳೆಂಬ ಸಂಕಟಕ್ಕೆ ಮಾಡಿದ ಎಂದು ಜನ ಕಥೆ ಹೆಣೆದಿದ್ದಾರೆ. ನಿಜವಿರಲಿ ಬಿಡಲಿ, ಹೆಣೆಯುವವರ ಜೊತೆ ಬಾಳಿದವರಿಗೆ ಅವನ ಕಷ್ಟ ಅರ್ಥವಾಗುತ್ತದೆ. ‘ಈ ಸಾಲು ಮುಗಿಸಿ ಬರ್ತೀನಿ’ ಎಂಬ ಮಾತು ಕೇಳಿ ಆರಿದ ಕಾಫಿ ಎಷ್ಟೋ.

ಒಂದೇ ದಾರವಾದ್ದರಿಂದ ಇನ್ನೊಂದು ಗುಣ. ಹೆಣೆದದ್ದನ್ನು ಪೂರ್ತಿ ಬಿಚ್ಚಬಹುದು. ಕತ್ತರಿಸಿದ ಬಟ್ಟೆ ಕತ್ತರಿಸಿದ್ದೇ, ಮತ್ತೆ ಥಾನಾಗದು. ಸ್ವೆಟರ್ ಹಾಗಲ್ಲ. ಆದರೆ ಎಲ್ಲಿಂದ ಬೇಕಾದರೂ ಬಿಚ್ಚಲಾಗದು. ಕೊನೆಯ ಸಾಲಿನ ಗಂಟು ಹುಡುಕಿ ಎಳೆದರೆ ಸರಸರನೆ ಬರುತ್ತದೆ, ಶುರುವಿನ ತುದಿಯಿಂದ ಎಳೆದರೆ ಸಿಕ್ಕು. ಮೊದಲೆಲ್ಲ ಮನೆಗಳಲ್ಲಿ ಒಂದು ಸ್ವೆಟರಿನ ಆಯುಷ್ಯ ಹೀಗಿತ್ತು. ಬೆಳೆಯುವ ಮಗು ಎಂದು ಎರಡಂಗುಲ ಹೆಚ್ಚಿಗೇ ಹೆಣೆಯುವುದು. ಮೊದಲ ಚಳಿಗಾಲ ತೋಳು ಮಡಚಿ ಹಾಕುವುದು, ಎರಡನೆಯದರಲ್ಲಿ ಸರಿಹೋಗುವುದು, ಮೂರನೆಯದರಲ್ಲಿ ಮಣಿಕಟ್ಟು ಹೊರಗೆ. ಅಷ್ಟರಲ್ಲಿ ತಮ್ಮನೋ ತಂಗಿಯೋ ಸಿದ್ಧ. ಅವರದೂ ಮುಗಿದ ಮೇಲೆ ಬಿಚ್ಚುವ ದಿನ ಬರುತ್ತದೆ. ಬಿಚ್ಚಿದ ಉಲ್ಲನ್ ನೆಟ್ಟಗಿರುವುದಿಲ್ಲ, ಗುಂಗುರು ಗುಂಗುರು. ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ಅಲ್ಲಲ್ಲಿ ಕಟ್ಟಿ, ತೊಳೆದು, ಕೆಳಗೊಂದು ಭಾರ ತೂಗುಬಿಟ್ಟು ಒಣಗಿಸಿದರೆ ಗುಂಗುರು ಇಳಿಯುತ್ತದೆ. ಆಮೇಲೆ ಮೆರೂನ್ ಸ್ವೆಟರಿನ ಉಲ್ಲನ್ ಬೂದು ಬಣ್ಣದ ಇನ್ನೊಂದರ ಜೊತೆ ಸೇರಿ ಪಟ್ಟೆಪಟ್ಟೆಯ ಮಫ್ಲರ್ ಆಗುತ್ತದೆ. ಮನೆಯ ಹಳೇ ಫೋಟೋಗಳನ್ನು ಸಾಲಾಗಿಟ್ಟು ನೋಡಿ. ಒಂದೇ ಮೆರೂನ್ ಬೇರೆ ಬೇರೆ ಮೈಮೇಲೆ ಹಾದುಹೋಗಿರುತ್ತದೆ.

ಅಳತೆ ನೋಡುವ ಕ್ರಮವೂ ಟೇಪಿನದಲ್ಲ. ಬೆನ್ನಿನ ಭಾಗ ಅರ್ಧವಾದಾಗ ಮಗುವನ್ನು ಕೂಗಿ ಕರೆಯುತ್ತಾರೆ. ಕುಣಿಕೆ ಜಾರದಿರಲಿ ಎಂದು ಕಡ್ಡಿಯ ತುದಿಗೆ ರಬ್ಬರ್ ಬ್ಯಾಂಡ್ ಸುತ್ತಿ, ಕಡ್ಡಿಯ ಸಮೇತ ಬೆನ್ನಿಗೆ ಹಿಡಿದು, ಕಂಕುಳಕ್ಕೆ ಬಂತೋ ಇಲ್ಲವೋ ನೋಡುತ್ತಾರೆ. ಮಗು ಕಚಗುಳಿಗೆ ಮುದುರುತ್ತದೆ. ‘ನೆಟ್ಟಗೆ ನಿಂತ್ಕೊಳೋ, ಕಡ್ಡಿ ಚುಚ್ಚುತ್ತೆ.’ ‘ಇನ್ನೂ ಆಗಿಲ್ವಾ ಅತ್ತೆ?’ ‘ನೀನು ಬೆಳೀದೆ ಸುಮ್ನಿದ್ರೆ ಆಗುತ್ತೆ.’ ಕೆಳಗಿನ ಬಾರ್ಡರಿಗೆ ಹನ್ನೆರಡನೇ ನಂಬರ್ ಕಡ್ಡಿ, ಮೈಗೆ ಹತ್ತನೆಯದು. ಹಳೇ ಬ್ರಿಟಿಷ್ ಲೆಕ್ಕವಾದ್ದರಿಂದ ಇಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಣ್ಣ, ಹತ್ತನೆಯದು 3.25 ಮಿಲಿಮೀಟರ್, ಎಂಟನೆಯದು 4. ಕಡ್ಡಿ ಸಣ್ಣದಾದರೆ ಹೆಣಿಗೆ ಬಿಗಿ, ಬಾರ್ಡರು ಸೊಂಟ ಬಿಟ್ಟು ಜೋಲುವುದಿಲ್ಲ. ಕೊನೆಗೆ ಕುತ್ತಿಗೆ. ಎಲ್ಲ ಮನೆಯಲ್ಲೂ ಒಂದು ಸಲವಾದರೂ ಮಗುವಿನ ತಲೆ ಸ್ವೆಟರಿನೊಳಗೆ ಸಿಕ್ಕಿಬಿದ್ದು, ಒಳಗಿನಿಂದ ಅಳು ಕೇಳಿಸಿದ್ದುಂಟು. ಕೈ ಪಳಗಿದವರು ಕುತ್ತಿಗೆಯ ಕೊನೆಯ ಸಾಲು ಮುಗಿಸುವಾಗ ಮಾತ್ರ ದಪ್ಪ ಕಡ್ಡಿ ಹಿಡಿಯುತ್ತಾರೆ, ಅಂಚು ಸಡಿಲವಾಗುತ್ತದೆ, ತಲೆ ತೂರುತ್ತದೆ.

ಇಷ್ಟಕ್ಕೂ ನಮ್ಮ ನಾಡಿನಲ್ಲಿ ಅಂಥ ಚಳಿ ಎಲ್ಲಿ ಎಂದು ಉತ್ತರದವರು ನಗುತ್ತಾರೆ. ಬೆಂಗಳೂರಿನ ದಾಖಲೆಯ ಚಳಿ 1884ರ ಜನವರಿ 13ರಂದು, 7.8 ಡಿಗ್ರಿ. ಸಿಮ್ಲಾದವರಿಗೆ ಅದು ತಂಗಾಳಿ. ಆದರೂ ಮಾಗಿಯ ಬೆಳಗ್ಗೆ ಬಸವನಗುಡಿಯಲ್ಲಿ ವಾಕಿಂಗ್ ಹೊರಟವರ ಮಂಕಿ ಕ್ಯಾಪ್ ನೋಡಿದರೆ ಹಿಮ ಬೀಳುತ್ತಿದೆಯೇನೋ ಅನ್ನಿಸುತ್ತದೆ. ನಮ್ಮದೇ ಆದ ಉಣ್ಣೆ ಎಂದರೆ ಕುರುಬರ ಕಂಬಳಿ. ಅದು ನೇಯ್ದದ್ದು, ಒರಟು, ಮಳೆಗೂ ಆಯಿತು ಹಾಸಿಗೆಗೂ ಆಯಿತು. ಕೂಸಿನ ಮೈಗೆ ಅದು ಚುಚ್ಚುತ್ತದೆ. ಕೂಸಿಗೆ ಕುಂಚಿಗೆ, ಕುಲಾವಿ ಇದ್ದವು. ಕುಲಾವಿ ಪರ್ಷಿಯನ್ನರ ಕುಲಾಹ್, ಅಂದರೆ ಟೋಪಿ. ಯಾವ ದೊರೆಯ ತಲೆಯ ಮೇಲಿಂದಲೋ ಇಳಿದು ಬಂದು ನಮ್ಮ ತೊಟ್ಟಿಲ ಕೂಸಿನ ಕಿವಿ ಮುಚ್ಚಿತು. ಹೊಲಿದ ಕುಲಾವಿಯ ಜಾಗಕ್ಕೆ ಹೆಣೆದ ಟೋಪಿ ಬಂದಾಗ ಹೆಸರು ಬದಲಾಗಲಿಲ್ಲ. ಉಲ್ಲನ್ ಎಂಬುದು ಇಂಗ್ಲಿಷಿನಲ್ಲಿ ವಿಶೇಷಣ, ನಮ್ಮಲ್ಲಿ ವಸ್ತು. ಅಂಗಡಿಯಲ್ಲಿ ‘ಒಂದು ಉಂಡೆ ಉಲ್ಲನ್ ಕೊಡಿ’ ಎಂದರೆ ಕೊಡುವುದು ಬಹುಪಾಲು ಅಕ್ರಿಲಿಕ್, ಕುರಿಗೂ ಅದಕ್ಕೂ ಪರಿಚಯವಿಲ್ಲ. ಹೊಸಕಾಲದ ‘ಹೆಣಿಗೆ’ ಎಂಬ ನಾಮಪದ ನನಗೆ ಅಷ್ಟು ಇಷ್ಟವಿಲ್ಲ. ಅದು ಇಲಾಖೆಯ ಬೋರ್ಡಿನ ಮೇಲೆ, ‘ಹೊಲಿಗೆ ಮತ್ತು ಹೆಣಿಗೆ ತರಬೇತಿ’ ಎಂದು ಒಣಗಿ ನಿಂತ ಪದ. ಕ್ರಿಯಾಪದದಲ್ಲೇ ಅದರ ಜೀವ.

1962ರ ಯುದ್ಧದ ಚಳಿಗಾಲದಲ್ಲಿ ದೇಶದ ಹೆಂಗಸರು ಗಡಿಯ ಜವಾನರಿಗೆ ಸ್ವೆಟರ್ ಹೆಣೆದು ಕಳಿಸಿದರು. ‘ಯಾರಿಗೆ’ ಎಂಬ ಪ್ರಶ್ನೆಗೆ ಆ ಸಲ ಹೆಸರಿಲ್ಲದ ಉತ್ತರ. ಯಾರದೆಂದು ಗೊತ್ತಿಲ್ಲದ ಎದೆಗೆ ಅಳತೆ ಊಹಿಸಿ ಹೆಣೆಯುವುದು ಹೇಗಿದ್ದೀತು ಎಂದು ಯೋಚಿಸುತ್ತೇನೆ. ಪ್ರಾಯಶಃ ತಮ್ಮ ಮನೆಯ ಹುಡುಗನ ಅಳತೆಗೇ ಹೆಣೆದಿರುತ್ತಾರೆ.

ಈಗ ಹಣದ ಲೆಕ್ಕ ಹಾಕಿದರೆ ಹೆಣೆಯುವುದು ನಷ್ಟದ ಕೆಲಸ. ಒಳ್ಳೆಯ ಉಣ್ಣೆಗೆ ಕೊಡುವ ದುಡ್ಡಿಗೆ ಅಂಗಡಿಯಲ್ಲಿ ಸಿದ್ಧ ಸ್ವೆಟರ್ ಬಂದು ಮೇಲೆ ಚಿಲ್ಲರೆ ಉಳಿಯುತ್ತದೆ. ಹೀಗಿದ್ದೂ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ಅಮ್ಮಂದಿರ ಸೂಟ್‌ಕೇಸಿನಲ್ಲಿ ಮೆಂತ್ಯದ ಹಿಟ್ಟು, ಸಾರಿನಪುಡಿಯ ನಡುವೆ ಹೆಣೆದ ಟೋಪಿ, ಕಾಲುಚೀಲ ಇದ್ದೇ ಇರುತ್ತವೆ. ಅಲ್ಲಿ ನಿಜವಾದ ಚಳಿಯೂ ಇದೆ, ನಿಜವಾದ ಉಣ್ಣೆಗೆ ಬೆಲೆಯೂ ಇದೆ. ಉಣ್ಣೆ ತನ್ನ ತೂಕದ ಸುಮಾರು ಮೂರರಲ್ಲೊಂದು ಭಾಗ ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸದು, ಅಕ್ರಿಲಿಕ್ಕಿಗೆ ಆ ಗುಣವಿಲ್ಲ. ಆದರೆ ಉಣ್ಣೆಯ ಎಳೆಯ ಮೇಲೆ ಮೀನಿಗಿರುವಂಥ ಹುರುಪೆ ಇರುತ್ತದೆ. ಬಿಸಿನೀರಿನಲ್ಲಿ ತಿರುಚಿ ಒಗೆದರೆ ಅವು ಒಂದಕ್ಕೊಂದು ಕಚ್ಚಿಕೊಂಡು ಇಡೀ ಸ್ವೆಟರ್ ಗಟ್ಟಿಯಾಗಿ ಕುಗ್ಗುತ್ತದೆ. ಅದು ಮಾತ್ರ ಬಿಚ್ಚಲು ಬಾರದ ಹೆಣಿಗೆ.

‘ಅಮ್ಮಾ, ಇವರು ಗೊತ್ತಿಲ್ದೆ ಮಷೀನಿಗೆ ಹಾಕ್ಬಿಟ್ರು. ಗೊಂಬೆಗೆ ಆಗೋ ಹಾಗಾಗಿದೆ.’

‘ಹೋಗ್ಲಿ ಬಿಡು, ಗೊಂಬೆಗೇ ಹಾಕು. ಹಳದಿ ಉಲ್ಲನ್ ಉಳಿದಿದೆ, ಇವತ್ತೇ ಶುರು ಮಾಡ್ತೀನಿ. ಮೊದ್ಲು ಮಗು ತಲೆ ಸುತ್ತಳತೆ ಕಳ್ಸು. ಮತ್ತೆ ಅವರಿಗೂ ಒಂದು ಮಫ್ಲರ್ ಬೇಕಾ ಕೇಳು, ಒಗೆಯೋದು ಮಾತ್ರ ಅವರೇ ಅಂತ ಹೇಳು.’