ಕೋಡಿ ಅಳಿವೆಯ ಹಸಿರು ನೀರು: ಸಣ್ಣ ಕ್ಯಾಮೆರಾದ ನೀರೊಳಗಿನ ವಿಡಿಯೊದಲ್ಲಿ ಬೆಳಕು ಮತ್ತು ಬಣ್ಣ

ನೀರೊಳಗೆ ವಿಡಿಯೊ ತೆಗೆಯುವವರಿಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಲಕ್ಷದ್ವೀಪ, ಮಾಲ್ದೀವ್ಸ್, ಕೆಂಪು ಸಮುದ್ರಗಳ ನೀಲಿ ನೀರಿಗಾಗಿ ಹುಟ್ಟಿದವು. ಲೆನ್ಸಿನ ಮುಂದೆ ಕೆಂಪು ಫಿಲ್ಟರ್ ಹಾಕಿ, ದೀಪ ಹೆಚ್ಚಿಸಿ ಎಂಬ ಆ ಸಲಹೆಗಳನ್ನು ಕುಂದಾಪುರದ ಕೋಡಿಯಲ್ಲಿ, ಪಂಚಗಂಗಾವಳಿ ಕಡಲಿಗೆ ಬೀಳುವ ಅಳಿವೆಬಾಗಿಲಿನಲ್ಲಿ ಪಾಲಿಸಿದರೆ ಚಿತ್ರ ಸುಧಾರಿಸುವ ಬದಲು ಕೆಡುತ್ತದೆ. ಇಲ್ಲಿ ಆಳಕ್ಕಿಂತ ದೂರವೇ ಬಣ್ಣದ ಶತ್ರು ಎಂಬುದು ಈ ಲೇಖನದ ವಾದ. ಎರಡನೆಯದಾಗಿ, ಸಣ್ಣ ಕ್ಯಾಮೆರಾದಲ್ಲಿ ಬಣ್ಣದ ತೀರ್ಮಾನ ಚಿತ್ರೀಕರಣಕ್ಕೆ ಮೊದಲೇ ಆಗಿರಬೇಕು.

ಕಡಲಿನ ಬಣ್ಣದ ಚರ್ಚೆ ನಮ್ಮಲ್ಲಿ ಹಳೆಯದು. 1921ರಲ್ಲಿ ಸಿ. ವಿ. ರಾಮನ್ ನರ್ಕುಂಡ ಹಡಗಿನಲ್ಲಿ ಯುರೋಪಿನಿಂದ ಮರಳುವಾಗ, ನಿಕೋಲ್ ಪಟ್ಟಕದಿಂದ ನೀರ ಮೇಲ್ಮೈಯ ಪ್ರತಿಫಲನವನ್ನು ತೆಗೆದು ನೋಡಿದರು. ಆಗಲೂ ನೀಲಿ ಉಳಿದಿತ್ತು. ಕಡಲಿನ ನೀಲಿ ಬರೀ ಆಕಾಶದ ಪ್ರತಿಬಿಂಬ ಎಂಬ ರ‍್ಯಾಲೆಯ ಮಾತು ಇದರೆದುರು ನಿಲ್ಲಲಿಲ್ಲ. ರಾಮನ್ ಒತ್ತು ಕೊಟ್ಟದ್ದು ಬೆಳಕಿನ ಚದರಿಕೆಗೆ. ವಿಡಿಯೊ ತೆಗೆಯುವವರನ್ನು ಅದರಷ್ಟೇ ಕಾಡುವುದು ಹೀರಿಕೆ. 1997ರಲ್ಲಿ ಪೋಪ್ ಮತ್ತು ಫ್ರೈ ಪ್ರಕಟಿಸಿದ ಅಳತೆಗಳಂತೆ ಶುದ್ಧ ನೀರಿನ ಹೀರಿಕೆಯ ಗುಣಾಂಕ, ಮೀಟರೊಂದಕ್ಕೆ, 550 ನ್ಯಾನೊಮೀಟರಿನ ಹಸಿರಿಗೆ 0.0565, 600ರ ಕಿತ್ತಳೆಗೆ 0.222, 650ರ ಕೆಂಪಿಗೆ 0.340. ಕೆಂಪು ಹಸಿರಿಗಿಂತ ಆರು ಪಟ್ಟು ಬೇಗ ಸಾಯುತ್ತದೆ.

ಈ ಅಂಕಿಗಳನ್ನು ಕ್ಯಾಮೆರಾದ ಭಾಷೆಗೆ ತಂದರೆ ಏನಾಗುತ್ತದೆ? ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪವನ್ನು ತೆಗೆದುಕೊಳ್ಳೋಣ. 2022ರ ‘ಗಂಧದ ಗುಡಿ’ ಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ಇಳಿದ ಆ ನೀರನ್ನು ಕನ್ನಡ ಪ್ರೇಕ್ಷಕರು ತೆರೆಯ ಮೇಲೆ ಕಂಡಿದ್ದಾರೆ. ಹತ್ತು ಮೀಟರ್ ಆಳದಲ್ಲಿ, ಒಂದು ಮೀಟರ್ ದೂರದ ಮೀನು. ಬೆಳಕು ಮೇಲಿಂದ ಮೀನಿಗೆ, ಮೀನಿನಿಂದ ಲೆನ್ಸಿಗೆ, ಒಟ್ಟು 11 ಮೀಟರ್ ನೀರು ದಾಟುತ್ತದೆ. ನೀರು ಪೂರ್ತಿ ಶುದ್ಧವೆಂದೇ ಹಿಡಿದರೂ ಹಸಿರು ಶೇ. 54 ಉಳಿದರೆ 650ರ ಕೆಂಪು ಉಳಿಯುವುದು ಶೇ. 2.4 ಮಾತ್ರ. ಕ್ಯಾಮೆರಾದ ಬೆಳಕಿನ ಮಾಪಕಕ್ಕೆ ಇದು ಗೊತ್ತಾಗುವುದಿಲ್ಲ. ವಿಡಿಯೊದ ಪ್ರಮಾಣಿತ ಸೂತ್ರದಲ್ಲಿ ಹೊಳಪಿನ ಶೇ. 71.5 ಭಾಗ ಹಸಿರಿನದೇ. ಹಸಿರು ತುಂಬಿದರೆ ಮಾಪಕ ತೃಪ್ತ. ಮಧ್ಯಮ ಬೂದು ವಸ್ತುವಿಗೆ ಹಸಿರಿನಲ್ಲಿ ಸರಿಯಾದ ಎಕ್ಸ್‌ಪೋಶರ್ ಸಿಕ್ಕಾಗ, 8 ಬಿಟ್ ವಿಡಿಯೊದ 219 ಮೆಟ್ಟಿಲುಗಳಲ್ಲಿ ಹಸಿರು ಸುಮಾರು 90ನೆಯದರಲ್ಲಿರುತ್ತದೆ. ಅದೇ ವಸ್ತುವಿನ ಕೆಂಪು ಎಂಟನೆಯದರಲ್ಲಿ. 600ರ ಕಿತ್ತಳೆಯನ್ನು ಲೆಕ್ಕಕ್ಕೆ ಹಿಡಿದರೆ 27ರ ಆಸುಪಾಸು. ಸೆನ್ಸಾರಿನ ಕೆಂಪು ಕಣ ಎರಡನ್ನೂ ಗ್ರಹಿಸುವುದರಿಂದ ನಿಜ ಇವುಗಳ ನಡುವೆ ಎಲ್ಲೋ ಇದೆ. ಹೇಗಿದ್ದರೂ, ಎಂಟೋ ಇಪ್ಪತ್ತೇಳೋ ಮೆಟ್ಟಿಲನ್ನು ಆಮೇಲೆ ಕಂಪ್ಯೂಟರಿನಲ್ಲಿ ತೊಂಬತ್ತಕ್ಕೆ ಎಳೆದರೆ ಬಣ್ಣದ ಜೊತೆ ನಾಯ್ಸ್ ಕೂಡ ಎದ್ದುಬರುತ್ತದೆ, ಪಟ್ಟೆಗಳು ಮೂಡುತ್ತವೆ. ವೈಟ್ ಬ್ಯಾಲೆನ್ಸನ್ನು ನೀರಿನಲ್ಲೇ, ಬಿಳಿ ಅಥವಾ ಬೂದು ಹಲಗೆ ಹಿಡಿದು, ರೆಕಾರ್ಡಿಂಗಿಗೆ ಮುನ್ನ ಹೊಂದಿಸಬೇಕೆನ್ನುವುದು ಇದಕ್ಕೇ. ಆಗ ಹೆಚ್ಚಳ ನಡೆಯುವುದು 8 ಬಿಟ್‌ಗೆ ಕುಗ್ಗುವ ಮೊದಲು, ಸೆನ್ಸಾರಿನ ಮೂಲ ದತ್ತಾಂಶದ ಮೇಲೆ. ಎರಡು ಮೂರು ಮೀಟರ್ ಆಳ ಬದಲಾದರೆ ಮತ್ತೆ ಹೊಂದಿಸಬೇಕು. ಬೇಸರದ ಕೆಲಸ, ಆದರೆ ಬೇರೆ ದಾರಿಯಿಲ್ಲ.

ಈಗ ಕೋಡಿಗೆ ಬರೋಣ. ಇಲ್ಲಿನ ನೀರು ಬೇರೆಯೇ ಜಾತಿ. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಹೊಳೆಗಳು ಘಟ್ಟದ ಎಲೆಕೊಳೆತವನ್ನೂ ಹಿನ್ನೀರಿನ ಕಾಂಡ್ಲಾ ಕಾಡಿನ ಕಷಾಯವನ್ನೂ ಹೊತ್ತು ತರುತ್ತವೆ. ಈ ಕರಗಿದ ಹಳದಿ ದ್ರವ್ಯ ನುಂಗುವುದು ನೀಲಿಯನ್ನು. ಕೆಂಪನ್ನು ನೀರೇ ನುಂಗುತ್ತದೆ. ಎರಡೂ ತುದಿ ಕತ್ತರಿಸಿ ಹೋದ ಮೇಲೆ ಉಳಿಯುವುದು ನಡುವಿನ ಹಸಿರು. ಸಾಗರವಿಜ್ಞಾನಿ ಯೆರ್ಲೊವ್ ಕಡಲ ನೀರನ್ನು ತೆರೆದ ಕಡಲಿನ ಮತ್ತು ಕರಾವಳಿಯ ಬಗೆಗಳಾಗಿ ವಿಂಗಡಿಸಿದ್ದು ಇಂಥ ವ್ಯತ್ಯಾಸಕ್ಕಾಗಿಯೇ. ಕೆಂಪು ಫಿಲ್ಟರ್ ನೀಲಿಯನ್ನೂ ಹಸಿರನ್ನೂ ಒಟ್ಟಿಗೆ ತಡೆಯುತ್ತದೆ. ಮೊದಲೇ ಸೊರಗಿದ ನೀಲಿ ಇನ್ನಷ್ಟು ಸೊರಗಿ ಚಿತ್ರ ಕಂದು ಹಳದಿಯಾಗುತ್ತದೆ. ಇಲ್ಲಿಗೆ ಸಲ್ಲುವುದು ಹಸಿರನ್ನಷ್ಟೇ ತಗ್ಗಿಸುವ ಮಜೆಂಟಾ ಫಿಲ್ಟರ್. 2019ರ ಒಲಿಂಪಸ್ ಟಿಜಿ-6ನಂಥ ಕ್ಯಾಮೆರಾಗಳು ಮೇಲ್ಪದರ, ಮಧ್ಯಮ, ಆಳ ಎಂದು ಮೂರು ಸಿದ್ಧ ವೈಟ್ ಬ್ಯಾಲೆನ್ಸ್ ಕೊಡುತ್ತವೆ. ಆಳವೊಂದನ್ನೇ ನಂಬಿದ ಈ ವಿಂಗಡಣೆ ಅಳಿವೆಯ ನೀರಿಗೆ ಹೊಂದುವುದಿಲ್ಲ.

ಇನ್ನೊಂದು ತಪ್ಪು ಕಲ್ಪನೆ ಕತ್ತಲೆಯದು. ಇಟಲಿಯ ಸೆಕ್ಕಿ 1865ರಲ್ಲಿ ಬಳಕೆಗೆ ತಂದ ಬಿಳಿ ತಟ್ಟೆಯ ಪರೀಕ್ಷೆ ಇಂದಿಗೂ ಅಗ್ಗ, ಇಂದಿಗೂ ಉಪಯುಕ್ತ: ಹಗ್ಗ ಕಟ್ಟಿದ ತಟ್ಟೆಯನ್ನು ಇಳಿಸಿ, ಅದು ಕಣ್ಮರೆಯಾಗುವ ಆಳ ಗುರುತಿಸುವುದು. ಪೂಲ್ ಮತ್ತು ಅಟ್ಕಿನ್ಸ್ 1929ರಲ್ಲಿ ಕೊಟ್ಟ ಸೂತ್ರದಂತೆ 1.7ನ್ನು ಆ ಆಳದಿಂದ ಭಾಗಿಸಿದರೆ ಬೆಳಕು ಕ್ಷೀಣಿಸುವ ಗುಣಾಂಕ ಸಿಗುತ್ತದೆ. ಅರ್ಥಾತ್ ತಟ್ಟೆ ಮಾಯವಾಗುವಲ್ಲಿ ಮೇಲ್ಮೈ ಬೆಳಕಿನ ಶೇ. 18 ಇನ್ನೂ ಇದೆ, ನಷ್ಟ ಎರಡೂವರೆ ಸ್ಟಾಪ್ ಅಷ್ಟೇ. ಬಿಸಿಲ ಹೊತ್ತಿನಲ್ಲಿ ಯಾವ ಸಣ್ಣ ಕ್ಯಾಮೆರಾಗೂ ಇದು ಕಷ್ಟವಲ್ಲ. ಕಾಣದಿರುವುದಕ್ಕೆ ಕಾರಣ ಮಬ್ಬು: ತೇಲುವ ಕೆಸರಕಣಗಳು ಚದರಿಸಿದ ಬೆಳಕು ವಸ್ತುವಿನ ಮುಂದೆ ಪರದೆ ಕಟ್ಟುತ್ತದೆ. ದೀಪ ಹೆಚ್ಚಿಸಿದರೆ ಪರದೆಯೂ ಬೆಳಗುತ್ತದೆ, ಮಂಜಿನಲ್ಲಿ ಬಸ್ಸಿನ ಹೆಡ್‌ಲೈಟಿನಂತೆ. ದೀಪ ಬೇಕೇ ಆದರೆ ಲೆನ್ಸಿನಿಂದ ದೂರ, ಬದಿಯಿಂದ, ಮತ್ತು ಫಿಲ್ಟರ್ ತೆಗೆದು.

ಹಾಗಾದರೆ ಉಳಿಯುವ ಉಪಾಯ ಹತ್ತಿರ ಹೋಗುವುದು. ಚಪ್ಪಟೆ ಗಾಜಿನ ಹಿಂದಿರುವ 24 ಮಿಲಿಮೀಟರ್ ಲೆನ್ಸ್, ನೀರಿನ ವಕ್ರೀಭವನದಿಂದ 32ರಂತೆ ವರ್ತಿಸುತ್ತದೆ. ನೋಟ ಕಿರಿದಾಗಿ, ಹಿಂದೆ ಸರಿಯುವ ಆಸೆ ಹುಟ್ಟುತ್ತದೆ. ಆ ಆಸೆಯನ್ನು ತಡೆಯಬೇಕು, ಇಲ್ಲವೇ ವೈಡ್ ಲೆನ್ಸ್ ಜೋಡಿಸಬೇಕು. ಜೂಮ್ ಮುಟ್ಟಲೇಬಾರದು. ಟಿಜಿ-6 ಲೆನ್ಸಿನಿಂದ 1 ಸೆಂಟಿಮೀಟರ್ ದೂರಕ್ಕೂ ಫೋಕಸ್ ಮಾಡುತ್ತದೆ. ಮಳಿ ಚಿಪ್ಪು, ಏಡಿ, ಕಾಂಡ್ಲಾ ಬೇರಿಗಂಟಿದ ಜೀವಗಳಿಗೆ ಇದಕ್ಕಿಂತ ಒಳ್ಳೆಯ ಗುಣ ಬೇಡ. ಎಕ್ಸ್‌ಪೋಶರನ್ನು ಮೂರನೇ ಒಂದರಿಂದ ಮೂರನೇ ಎರಡು ಸ್ಟಾಪ್ ಇಳಿಸಿ ಲಾಕ್ ಮಾಡುವುದು ಲೇಸು. ಲಾಕ್ ಮಾಡದಿದ್ದರೆ ಚೌಕಟ್ಟಿಗೆ ಮೇಲ್ಮೈ ಬಂದಾಗಲೆಲ್ಲ ಚಿತ್ರ ಮಿಣುಕುತ್ತದೆ.

ಸಮಯದ ಆಯ್ಕೆ ಕ್ಯಾಮೆರಾ ಆಯ್ಕೆಗಿಂತ ದೊಡ್ಡದು. ಇಳಿತದಲ್ಲಿ ಹೊಳೆಯ ಕಂದು ನೀರು ಹೊರಬೀಳುತ್ತದೆ. ಭರತದ ಕೊನೆಗೆ ಕಡಲ ತಿಳಿನೀರು ಒಳನುಗ್ಗಿ ಕೊಂಚ ಹೊತ್ತು ನಿಲ್ಲುತ್ತದೆ. ಆ ಹೊತ್ತೇ ಕೆಲಸದ ಹೊತ್ತು. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದರಿಂದ, ಕಡಲಗಾಳಿ ಏಳುವ ಮುನ್ನಿನ ಬಿಸಿಲೂ ತುಂಬಿದ ಭರತವೂ ಕೂಡಿಬರುವುದು ಪಕ್ಷದಲ್ಲಿ ಕೆಲವೇ ದಿನ. ಗಂಗೊಳ್ಳಿ ಬಂದರಿನ ದೋಣಿಗಳು ಓಡಾಡುವ, ಸೆಳೆತವಿರುವ ಅಳಿವೆಯ ನಡುದಾರಿಯಲ್ಲಿ ಮುಳುಗುವುದು ಸಲ್ಲದು. ಬದಿಯ ಶಾಂತ ನೀರಿನಲ್ಲಿ ದೋಣಿಯಿಂದ ಗಳದ ತುದಿಗೆ ಕ್ಯಾಮೆರಾ ಕಟ್ಟಿ ಇಳಿಸಿದರೆ ಸಾಕು. ಮಳೆಗಾಲದಲ್ಲಂತೂ ಪ್ರಯತ್ನವೇ ವ್ಯರ್ಥ.

ಬಣ್ಣವನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಪಡಿಸಬಹುದಲ್ಲವೇ? ಅಕ್ಕೈನಾಕ್ ಮತ್ತು ಟ್ರೈಬಿಟ್ಸ್ 2019ರಲ್ಲಿ ಮಂಡಿಸಿದ ‘ಸೀ-ಥ್ರೂ’ ಗಣನಾಕ್ರಮ, ವಸ್ತುವಿನ ಬೆಳಕಿಗೂ ಮಬ್ಬಿನ ಬೆಳಕಿಗೂ ಬೇರೆ ಬೇರೆ ಗುಣಾಂಕ ಹಿಡಿದು ಬಣ್ಣ ಮರಳಿಸುತ್ತದೆ. ಅದಕ್ಕೂ ಪ್ರತಿ ಬಿಂದುವಿನ ದೂರ ತಿಳಿದಿರಬೇಕು, ಮೂಲ ಚಿತ್ರದಲ್ಲಿ ಬಣ್ಣ ಅಷ್ಟಿಷ್ಟಾದರೂ ಉಳಿದಿರಬೇಕು. ಆದ್ದರಿಂದ ಕೋಡಿ, ಗಂಗೊಳ್ಳಿ, ಹಂಗಾರಕಟ್ಟೆಗಳ ಅಳಿವೆಗಳಲ್ಲಿ ಜೀವಿಗಳ ದಾಖಲೆಗಾಗಿ ವಿಡಿಯೊ ತೆಗೆಯುವವರಲ್ಲಿ ಒಂದು ವಿನಂತಿ: ಪ್ರತಿ ತುಣುಕಿನ ಜೊತೆ ಭರತದ ಹೊತ್ತು, ಆಳ, ವಸ್ತುವಿನ ದೂರ, ಸೆಕ್ಕಿ ತಟ್ಟೆಯ ಅಳತೆ ಇವಿಷ್ಟನ್ನು ಬರೆದಿಡಿ, ಮತ್ತು ಆರಂಭದಲ್ಲೇ ಬೂದು ಹಲಗೆಯನ್ನು ಕೆಲವು ಸೆಕೆಂಡು ಚಿತ್ರಿಸಿ.